ಗೇಟಿನ ಪಕ್ಕದ ಗಿಡ

ಗಿಡಗಳ ಬಗ್ಗೆ ಮಾತಾಡಿ ಅಂದಿರಿ, ನಾನು ಮನೆ ಮಾರಿದ ಕಥೆ ಹೇಳ್ತೀನಿ.

ಕೊಂಪಲ್ಲಿಯಲ್ಲಿ ಮನೆ ಕಟ್ಟಿದಾಗ ಕಾಂಪೌಂಡಿನುದ್ದಕ್ಕೂ ಕೊನೊಕಾರ್ಪಸ್ ನೆಟ್ಟೆವು. ಹೈದರಾಬಾದಿನ ರಸ್ತೆ ಡಿವೈಡರುಗಳಲ್ಲಿ ನೀವೂ ನೋಡಿರ್ತೀರಿ. ಬಿಸಿಲಿಗೆ ಬಾಡಲ್ಲ, ನೀರು ಕೇಳಲ್ಲ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಗಿಡ!

ಕಳೆದ ವರ್ಷ ಮನೆ ನೋಡಲು ಬಂದ ದಂಪತಿ ಒಳಗೆ ಕಾಲಿಡುವ ಮೊದಲೇ ಅದರ ಮುಂದೆ ನಿಂತರು. "ಅಮ್ಮಾ, ಬೇರು ಡ್ರೈನೇಜ್ ಪೈಪಿಗೆ ಹೋಗಿಲ್ವಾ?" ಅಗೆಸಿದರೆ, ಚೇಂಬರಿನೊಳಗೆ ಬೇರು ಜಡೆಯ ಹಾಗೆ ತುಂಬಿಕೊಂಡಿತ್ತು. ಬೇರಿನ ಕಾಟಕ್ಕೂ ಪರಾಗದ ಅಲರ್ಜಿಗೂ ಹೆದರಿ ಗುಜರಾತ್ ಸರ್ಕಾರ 2023ರಲ್ಲೇ ಈ ಗಿಡ ನೆಡುವುದನ್ನು ನಿಷೇಧಿಸಿದೆ. ನನಗೆ ಗೊತ್ತಾದದ್ದು ಆಮೇಲೆ. ಪೈಪು ಬದಲಿಸುವ ಖರ್ಚು, ಗಿಡ ಕೀಳಿಸುವ ಕೂಲಿ, ಎಲ್ಲವನ್ನೂ ಬೆಲೆಯಲ್ಲಿ ಕಳೆದರು. ವಾದ ಮಾಡಲು ನನಗೆ ಬಾಯಿರಲಿಲ್ಲ. ಗಿಡದಿಂದ ಮನೆಯ ರೇಟು ಏರುತ್ತಾ ಗೊತ್ತಿಲ್ಲ, ಇಳಿದದ್ದನ್ನಂತೂ ಕಂಡೆ.

ಈಗಿನ ಮನೆಯಲ್ಲಿ ನಂದಿಬಟ್ಟಲು, ದಾಸವಾಳ, ಕೇಪಳ ಇವೆ. ಬೇರೂರಿದ ಮೇಲೆ ಇವಕ್ಕೂ ಹೆಚ್ಚು ಆರೈಕೆ ಬೇಡ, ದೇವರಿಗೆ ಹೂವೂ ಆಯಿತು. ಈ ಸಲ ಗುಂಡಿ ತೋಡುವ ಮೊದಲು ಮೇಸ್ತ್ರಿಯನ್ನು ಕರೆಸಿ, ಪೈಪು ಹೋಗಿರುವ ಜಾಗಕ್ಕೆಲ್ಲ ಸುಣ್ಣದ ಗೆರೆ ಹಾಕಿಸಿದೆ.