ಹಟವಲ್ಲ, ಸಂಕಟ



ಬಲಿಪೂಜೆಯಲ್ಲಿ ಗಂಟೆ ಮೊಳಗಿದಾಗ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ನಾವೆಲ್ಲರೂ ಕಂಡಿದ್ದೇವೆ. ತಾಯಿ ತಲೆತಗ್ಗಿಸಿ ಹೊರನಡೆಯುತ್ತಾಳೆ. ಹಿಂದಿನ ಸಾಲಿನಿಂದ 'ಹಟಮಾರಿ' ಎಂಬ ಮಾತು ಕೇಳಿಬರುತ್ತದೆ. ಹೊಸ ಅಂಗಿಯ ಹೊಲಿಗೆ ಚುಚ್ಚುತ್ತದೆಂದು ಅಳುವ, ಗಂಜಿಯ ಅಗುಳು ನಾಲಿಗೆಗೆ ತಾಗಿದರೆ ಓಕರಿಸುವ ಮಕ್ಕಳೂ ಇದ್ದಾರೆ. ಇವರ ಕುರಿತು ಎರಡು ಮಾತನ್ನಾಡಲು ಬಯಸುತ್ತೇವೆ.

ಪಂಚೇಂದ್ರಿಯಗಳನ್ನು ನಾವು ಬಲ್ಲೆವು. ಅವಲ್ಲದೆ ಒಳಗಿವಿಯಲ್ಲಿದ್ದು ಸಮತೋಲ ಕಾಯುವ ಇಂದ್ರಿಯವೊಂದು, ಕೈಕಾಲುಗಳು ಎಲ್ಲಿವೆಯೆಂಬುದನ್ನು ಸ್ನಾಯು ಸಂದುಗಳಿಂದ ತಿಳಿಸುವ ಇನ್ನೊಂದು ಉಂಟು. ಇವೆಲ್ಲವುಗಳ ಸುದ್ದಿಯನ್ನು ಮಿದುಳು ಒಂದುಗೂಡಿಸಿದರೆ ಮಾತ್ರ ಮಗು ನೆಟ್ಟಗೆ ಕುಳಿತೀತು, ಗುಂಡಿ ಹಾಕಿಕೊಂಡೀತು, ಅಕ್ಷರ ತಿದ್ದೀತು. ಈ ವಿಚಾರವನ್ನು ಅಮೆರಿಕದ ಜೀನ್ ಏರ್ಸ್ ಎಂಬ ವಿದುಷಿ ತಮ್ಮ 1972ರ ಗ್ರಂಥದಲ್ಲಿ ವಿಶದಪಡಿಸಿದರು. ಆಕೆ ಔದ್ಯೋಗಿಕ ಚಿಕಿತ್ಸಕಿ. ಹೆಸರು ಕೇಳಿ ಉದ್ಯೋಗ ಕೊಡಿಸುವವರೆಂದು ಭಾವಿಸಬಾರದು! ಮಗುವಿನ ಉದ್ಯೋಗವೆಂದರೆ ಆಟ, ಊಟ, ಉಡುಗೆ, ಓದು.

ಈ ಚಿಕಿತ್ಸೆಗೆ ಔಷಧಿಯಿಲ್ಲ. ಉಯ್ಯಾಲೆ, ಏಣಿ, ಮರಳು, ಭಾರದ ಚೀಲಗಳೇ ಸಾಧನಗಳು. ಮಗು ಆಡುತ್ತಾಡುತ್ತಲೇ ತನಗೆ ಎಟಕುವಷ್ಟು ಕಷ್ಟವನ್ನು ಗೆಲ್ಲುವಂತೆ ಮಾಡುತ್ತಾರೆ. ನಮ್ಮ ಯಲ್ಲಾಪುರದ ಮನೆಗಳಲ್ಲಿ ಇದಕ್ಕೇನು ಬರ? ಜೋಕಾಲಿಯುಂಟು, ಸಣ್ಣ ಕೊಡದಲ್ಲಿ ನೀರು ಹೊರಬಹುದು, ಹಿಟ್ಟು ನಾದಬಹುದು, ಉದುರಿದ ಅಡಿಕೆ ಹೆಕ್ಕಬಹುದು. ಆದರೆ ಒಂದು ಮಗುವನ್ನು ಸಂತೈಸುವ ಜೋಕಾಲಿ ಇನ್ನೊಂದನ್ನು ಹೆದರಿಸೀತು. ಯಾರಿಗೆ ಯಾವುದು, ಎಷ್ಟು ಎಂಬುದನ್ನು ಬಲ್ಲವರೇ ಹೇಳಬೇಕು. ಹಬ್ಬದ ಸಿಡಿಮದ್ದಿಗೆ ಮುನ್ನ ಆ ತಾಯಿಗೆ ಸೂಚನೆ ಕೊಡುವುದಕ್ಕೆ ಮಾತ್ರ ಯಾವ ತಜ್ಞರೂ ಬೇಕಿಲ್ಲ.

ಇದು ಪವಾಡವಲ್ಲ. ಬ್ರಿಟನ್ನಿನಲ್ಲಿ ಆಟಿಸಂ ಇರುವ 138 ಮಕ್ಕಳನ್ನು ಕುರಿತು ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ತನೆಯ ತೊಂದರೆಗಳಿಗೆ ಮಾಮೂಲು ಆರೈಕೆಗಿಂತ ಇದರಿಂದ ಹೆಚ್ಚಿನ ಗುಣ ಕಾಣಲಿಲ್ಲ. ಆದುದರಿಂದ 'ಪೂರ್ತಿ ವಾಸಿಮಾಡುತ್ತೇವೆ' ಎಂದು ಹಣ ಕೇಳುವವರನ್ನು ನಂಬತಕ್ಕದ್ದಲ್ಲ. ತಾನೇ ಅನ್ನ ಕಲಸಿ ಉಣ್ಣುವಂಥ ಒಂದು ಗುರಿಯಿಟ್ಟು ಕೆಲವು ತಿಂಗಳು ನೋಡಬೇಕು. ಫಲ ಕಾಣದಿದ್ದರೆ ದಾರಿ ಬದಲಿಸಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರಕಾರಿ ಶಾಲೆಗಳಿಗೆ ಬರುವ ವೈದ್ಯರಲ್ಲಿ ಮೊದಲು ವಿಚಾರಿಸಬಹುದು. ಮಣಿಪಾಲದಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಿಕ್ಷಣವೇ ಉಂಟು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಎರಡೂ ನಮಗೆ ದೂರ. ಕಾಡಂಚಿನ ಹಳ್ಳಿಯಿಂದ ಕೂಲಿ ಬಿಟ್ಟು, ಬಸ್ಸಿನ ಗದ್ದಲಕ್ಕೆ ಬೆದರುವ ಮಗುವನ್ನು ಕಟ್ಟಿಕೊಂಡು ಹೊರಡುವ ತಾಯಿಗೆ ಅಂದಿನ ದಿನಗೂಲಿಯೂ ಇಲ್ಲ, ಜೊತೆಗೊಬ್ಬರೂ ಇಲ್ಲ. ನಮ್ಮ ವಾಳೆಗಳಲ್ಲಿ ಅಂಥ ಮನೆಗಳೆಷ್ಟೆಂಬುದನ್ನು ಗುರಿಕಾರರು ಈ ವರ್ಷವೇ ಕೇಳಿ ತಿಳಿಯಲಿ; ಜೊತೆಗೆ ಹೋಗಲು ಒಪ್ಪುವವರ ಹೆಸರನ್ನೂ ಅದೇ ಪುಸ್ತಕದಲ್ಲಿ ಬರೆದಿಡಲಿ.