ವಾಡೆಯ ಚಿತ್ರ, ಆಳಿನ ಹೆಸರು

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನಕ್ಕೆ ನಡೆದುಕೊಳ್ಳುವವರಾರೂ ಅದರ ಹಳೆಯ ಛಾಯಾಚಿತ್ರವನ್ನು ಹುಡುಕಿಕೊಂಡು ಹೋಗುವುದಿಲ್ಲ. ನಿತ್ಯ ಜನ ಬಂದುಹೋಗುವ ಕಟ್ಟಡಕ್ಕೆ ಬೇರೆ ಸಾಕ್ಷಿ ಬೇಡ. ಜನ ತೊರೆದುಹೋದ ಕಟ್ಟಡಕ್ಕೆ ಬೇಕು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುಸಿಯುತ್ತಿರುವ ದೇಸಾಯಿ, ದೇಶಮುಖ, ಜಾಗೀರದಾರರ ವಾಡೆಗಳನ್ನು ಕುರಿತು ಈ ಮಾತನ್ನು ಹೇಳುತ್ತಿದ್ದೇನೆ.

1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದವು. 1974ರ ಭೂಸುಧಾರಣೆ ಉಳುವವನನ್ನು ಹೊಲದ ಒಡೆಯನನ್ನಾಗಿ ಮಾಡಿತು. ಆಗಬೇಕಾದದ್ದೇ ಆಯಿತು. ಆದರೆ ವಾಡೆಗಳ ಆದಾಯ ನಿಂತಿತು. ಮಕ್ಕಳು ನಗರ ಸೇರಿದರು. ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಬೇಕು. ಅದು ತಪ್ಪಿತೆಂದರೆ ನೀರು ಜಿನುಗಿ ಜಂತಿ ಕೊಳೆಯುತ್ತದೆ, ತೊಲೆ ಜಗ್ಗುತ್ತದೆ, ಗೋಡೆ ಕರಗುತ್ತದೆ. ಕೊನೆಗೆ ಉಳಿಯುವುದು ತಲೆಬಾಗಿಲಿನ ಕಲ್ಲುಗಳು, ಅಂಗಳದ ಶಹಾಬಾದಿ ಫರಸಿ, ಮತ್ತು ಯಾರದೋ ಟ್ರಂಕಿನಲ್ಲಿರುವ ಒಂದು ಮಾಸಿದ ಚಿತ್ರ.

ಅಂಥ ಚಿತ್ರಕ್ಕೆ ಬೆಲೆಯೇನೆಂದು ಕೇಳುವವರುಂಟು. ಅವರಿಗೆ ಹಂಪಿಯ ಉದಾಹರಣೆ ಸಾಕು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಅವನ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಮೇಲೂ ಶಿಖರವಿಲ್ಲದ ರಥವೇ ಇದೆ. ಆ ಹಾಳೆ ಉಳಿಯದೆ ಹೋಗಿದ್ದರೆ ಆ ಶಿಖರ ಹೇಗೆ ಕಾಣುತ್ತಿತ್ತೆಂದು ಯಾರು ತೋರಿಸಬೇಕಿತ್ತು?

ಚಿತ್ರ ಸಾಕ್ಷಿ ನುಡಿಯುತ್ತದೆ, ನಿಜ. ಆದರೆ ಎಲ್ಲವನ್ನೂ ನುಡಿಯುವುದಿಲ್ಲ. ನಾನು ನೋಡಿದ ವಾಡೆಯ ಚಿತ್ರಗಳಲ್ಲಿ ಯಜಮಾನರು ಪಡಸಾಲೆಯ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಹಿಂಬದಿಯಲ್ಲಿ ಅವರ ಹೆಸರು, ಕೆಲವೊಮ್ಮೆ ಇಸವಿ. ಅಂಚಿನಲ್ಲಿ, ಕಂಬಕ್ಕೆ ಅರ್ಧ ಮರೆಯಾಗಿ, ರುಮಾಲು ಸುತ್ತಿದ ಆಳೊಬ್ಬ ನಿಂತಿರುತ್ತಾನೆ. ಅವನಿಗೆ ಹೆಸರಿಲ್ಲ. ಮಾಳಿಗೆಗೆ ವರ್ಷವರ್ಷವೂ ಮಣ್ಣು ಹೊತ್ತವರು ಅವನಂಥವರು. ಆ ಹೊರೆ ಅವರ ತಲೆಯಿಂದ ಇಳಿದದ್ದಕ್ಕೆ ನಾನು ಮರುಗಲಾರೆ. ಹೆಸರೂ ಅಳಿಯಿತಲ್ಲ ಎಂಬುದಕ್ಕೆ ಮರುಗುತ್ತೇನೆ.

ಕೇಳುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಅಂಥ ಚಿತ್ರವಿದ್ದರೆ ಊರಿಗೆ ಒಯ್ಯಿರಿ. ವಾಡೆಯವರನ್ನು ಕೇಳಿರಿ, ಕೇರಿಯ ಹಿರಿಯರನ್ನೂ ಕೇಳಿರಿ. ಅಂಚಿನಲ್ಲಿ ನಿಂತವನನ್ನು ಗುರುತಿಸುವ ಅಜ್ಜಿಯೊಬ್ಬಳು ಇನ್ನೂ ಇದ್ದಾಳು. ಅವಳು ಹೇಳಿದ ಹೆಸರನ್ನು ಯಜಮಾನರ ಹೆಸರಿನ ಪಕ್ಕದಲ್ಲಿಯೇ ಬರೆದಿಡಿರಿ.