ಬ್ಯಾಲಾಳಿನ ದೊಡ್ಡ ಕಿವಿ



ಭೂಮಿಯಾಚೆ ಜೀವಿಗಳಿವೆಯೇ? ಈ ಪ್ರಶ್ನೆಯ ಬೆನ್ನು ಹತ್ತಲು ಅಮೆರಿಕಕ್ಕೇ ಹೋಗಬೇಕಿಲ್ಲ. ಕೆಂಗೇರಿ ದಾಟಿ ಮುಂದೆ ಹೋದರೆ ಬ್ಯಾಲಾಳು ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿದೆ. ಚಂದ್ರಯಾನ-1ರ ಉಡಾವಣೆಯ ಹೊತ್ತಿಗೆ, 2008ರಲ್ಲಿ, ಇಸ್ರೋ ಸಂಸ್ಥೆ ಅದನ್ನು ಸಜ್ಜುಗೊಳಿಸಿತು. ಆ ಜಾಗ ತಟ್ಟೆಯಂತೆ ತಗ್ಗಾಗಿರುವುದರಿಂದ ಸುತ್ತಲಿನ ರೇಡಿಯೋ ಗದ್ದಲ ಅಲ್ಲಿಗೆ ಕಡಿಮೆ.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಅಲ್ಲಿಂದ ಹೊರಟ ಸಂಕೇತ ಬೆಳಕಿನ ವೇಗದಲ್ಲಿ ಬಂದರೂ ಭೂಮಿ ಮುಟ್ಟಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಾಯಿತು. (ಅಷ್ಟರಲ್ಲಿ ನಮ್ಮ ಬಸ್ಸು ರಾಜಾಜಿನಗರದಿಂದ ವಿಜಯನಗರ ತಲುಪುವುದೂ ಕಷ್ಟವೇ ಅನ್ನಿ!)

ಆ ನೌಕೆಯಲ್ಲಿ ಮೀಥೇನ್ ಅನಿಲವನ್ನು ಹುಡುಕುವ ಉಪಕರಣವಿತ್ತು. ಮೀಥೇನ್ ಏಕೆ? ಇಲ್ಲಿ ಕೆಸರುಗದ್ದೆಯ, ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಉತ್ಪಾದಿಸುತ್ತವೆ. ಆದರೆ ನೀರು ಮತ್ತು ಬಂಡೆಗಳ ನಡುವಿನ ರಾಸಾಯನಿಕ ಕ್ರಿಯೆಯಿಂದಲೂ ಅದು ಹುಟ್ಟಬಲ್ಲದು. ಅನಿಲ ಸಿಕ್ಕರೂ ಜೀವಿ ಸಿಕ್ಕಂತಲ್ಲ. ಇಲ್ಲಿ ತೊಡಕು ಅದಕ್ಕೂ ಮುಂಚೆಯೇ ಬಂತು. ಮೀಥೇನನ್ನು ಇಂಗಾಲದ ಡೈಆಕ್ಸೈಡಿನಿಂದ ಬೇರೆಯಾಗಿ ಗುರುತಿಸಲು ಆ ಉಪಕರಣಕ್ಕೆ ಸಾಧ್ಯವಾಗಲಿಲ್ಲ. ವಿಜ್ಞಾನಿಗಳು ಅದನ್ನು ಮೂಲೆಗೆ ತಳ್ಳಲಿಲ್ಲ. ಮಂಗಳನ ನೆಲ ಎಲ್ಲೆಲ್ಲಿ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬ ನಕ್ಷೆ ತಯಾರಿಸಲು ಬಳಸಿಕೊಂಡರು. ರಾಕೆಟ್ ಹಾರುವ ದೃಶ್ಯವನ್ನು ಟಿ.ವಿ.ಯವರಾದ ನಾವು ಮತ್ತೆ ಮತ್ತೆ ತೋರಿಸುತ್ತೇವೆ. ನನಗೆ ಮೆಚ್ಚುಗೆಯಾದದ್ದು ಮಾತ್ರ ಈ ನಕ್ಷೆಯ ಕಥೆ.

2022ರಲ್ಲಿ ಮಂಗಳಯಾನದ ಸಂಪರ್ಕ ಕಡಿಯಿತು. ಮರುವರ್ಷ ಹಾರಿದ ಚಂದ್ರಯಾನ-3, ಆದಿತ್ಯ-ಎಲ್1 ನೌಕೆಗಳ ದನಿಯನ್ನೂ ಬ್ಯಾಲಾಳು ಆಲಿಸಿತು. ಮಂಗಳನಲ್ಲಿ ಜೀವಿಯಿದೆಯೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.